ಬಾಗಿಲ ಹಿಂದಿನ ಹಬೆ

ಹೊಸ ಸ್ಟೀಮ್ ಓವನ್ನಿನಲ್ಲಿ ಕಡುಬು ಬೇಯಲಿಟ್ಟು, ಚಟ್ನಿಗೆ ಕಾಯಿ ತರಲೆಂದು ಓಡಿಬಂದಿದ್ದ ವತ್ಸಲೆಗೆ ಅಂಗಡಿಯ ಸಾಲಿನಲ್ಲಿ ನಿಂತಲ್ಲಿ ನಿಲ್ಲಲಾಗಲಿಲ್ಲ. ಮನೆಯಲ್ಲಿದ್ದವರು ಮಗಳು ಮತ್ತು ಅತ್ತೆ, ಇಬ್ಬರೇ. ಮೂರನೇ ಸಲ ಫೋನ್ ಮಾಡಿದಳು.

“ಪುಟ್ಟೀ, ಓವನ್ ಹತ್ರ ಹೋಗ್ಬೇಡ. ಬಾಗಿಲು ತೆಗೆದರೆ ಹಬೆ ಮುಖಕ್ಕೇ ರಾಚುತ್ತೆ, ಚರ್ಮ ಸುಲಿದುಹೋಗುತ್ತೆ.”

“ಅಯ್ಯೋ, ಎಷ್ಟು ಸಲ ಹೇಳ್ತೀಯಮ್ಮ! ನಾನು ಹಾಲ್‌ನಲ್ಲೇ ಇದ್ದೀನಿ.”

ವತ್ಸಲೆಗೆ ಹೋದ ಜೀವ ಬಂದಂತಾಯಿತು.

“ಅಜ್ಜಿಗೂ ಹೇಳಿದ್ಯಾ?”

“ಹ್ಞೂಂ, ತುಂಬಾ ಹಬೆ ಬರುತ್ತಂತೆ ಅಂದೆ. ಅವರಿಗೆ ಖುಷಿಯೋ ಖುಷಿ.”

“ಖುಷಿ ಯಾಕೇ?”

“ನೆಗಡಿ ಅಲ್ವಾ? ತಲೆಮೇಲೆ ಟವೆಲ್ ಹೊದ್ಕೊಂಡು ಓವನ್ ಮುಂದೇನೇ ಕೂತಿದ್ದಾರೆ, ಟಿಂಗ್ ಅಂದ ತಕ್ಷಣ ಬಾಗಿಲು ತೆಗೀತಾರಂತೆ.”