ಗೌಡರ ಗೋಡೆಯ ಪೆಟ್ಟಿಗೆ

ಇಂಟರ್ನೆಟ್ಟಿನಲ್ಲಿ ಮಾತಿನ ಜೊತೆ ವಾಸನೆಯೂ ಹರಿಯತೊಡಗಿದ ಮೇಲೆ, ಊರಿಗೆ ನೆಟ್ಟು ಕೊಡುವ ದ್ಯಾಮವ್ವನಿಗೆ ದಿನಕ್ಕೊಂದು ದೂರು. ಇವತ್ತು ಶಿವನಗೌಡರದು.

“ಅಂಬಿಗರ ಓಣಿ ಮೀನಿನ ನಾತ ನನ್ನ ಲೈನಿಗೆ ಬರತೈತಿ.”

ದ್ಯಾಮವ್ವ ಗೌಡರ ಫೋನಿಗೆ ಮೂಗು ಹಚ್ಚಿದಳು. ಧಾರವಾಡದಲ್ಲಿ ಅವರ ಮಗಳು ಹುರಿಯುತ್ತಿದ್ದ ರವೆಯ ಘಮ ಬಿಟ್ಟರೆ ಏನೂ ಇಲ್ಲ.

“ಎಲ್ಲೈತ್ರಿ ಗೌಡ್ರ?”

“ಈಗಿಲ್ಲ, ನಾಳೆ ಬಂದೀತು. ಅವರದೂ ನಂದೂ ಒಂದ ನೆಟ್ಟಿನ ಪೆಟ್ಟಿಗಿ ಅಲ್ಲೇನು? ಅವರ ವಾಯರ್ ಕೀಳು. ಇಲ್ಲಾ, ನನ್ನ ಗ್ವಾಡಿ ಮ್ಯಾಲಿನ ಪೆಟ್ಟಿಗಿ ತಗೊಂಡು ನಡಿ.”

ಆ ಓಣಿಯ ನಲವತ್ತು ಮನೆಗೂ ನೆಟ್ಟು ಹೋಗುತ್ತಿದ್ದುದು ಅದೇ ಪೆಟ್ಟಿಗೆಯಿಂದ. ದ್ಯಾಮವ್ವನ ಮೈ ಉರಿಯಿತು. ಏಣಿ ಹತ್ತಿ ಪೆಟ್ಟಿಗೆ ಬಿಚ್ಚಿ ಕಂಕುಳಲ್ಲಿಟ್ಟುಕೊಂಡಳು.

“ಅಂಬಿಗರ ಸಾವಂತ್ರವ್ವನ ಗ್ವಾಡಿಗೆ ಹಚ್ಚತೀನ್ರಿ. ನಿಮಗ ನೆಟ್ಟು ಬೇಕಾದ್ರ ಆಕಿ ಬಾಗಲಿಗೆ ಹೋಗಿ ಕೇಳ್ರಿ.”