ಬಟ್ಟಲ ತಳದ ಗುರುತು

ಮಫ್ತುನಾಳಿಗೆ ವಿದ್ಯಾರ್ಥಿವೇತನ ಕೊಡುವ ಮುಂಚೆ ಮನೆಯ ಬಡತನ ನೋಡಲು ಮೊಹಲ್ಲಾ ಸಮಿತಿಯ ಸಾಲಿಯಾ ಆಪಾ ಹೊಸ್ತಿಲು ದಾಟಿದರು. ಮಫ್ತುನಾ ಒಳಗೆ ತಿರುಗಿ ನೋಡಿದಳು. ಅಮ್ಮ ದಸ್ತರ್‌ಖಾನ್ ಹಾಸಿ, ಆ ಊಟದ ಬಟ್ಟೆಯ ಮೇಲೆ ಬಾದಾಮಿ, ಕುರಿಮಾಂಸ ಪೇರಿಸಿದ ಪಲಾವು, ಚಿನ್ನದಂಚಿನ ಚಹಾ ಬಟ್ಟಲುಗಳನ್ನು ಜೋಡಿಸಿಬಿಟ್ಟಿದ್ದಳು!

"ಇದನ್ನ ನೋಡಿದ್ಮೇಲೆ ಯಾರಮ್ಮಾ ದುಡ್ಡು ಕೊಡ್ತಾರೆ? ನನ್ನ ಕಾಲೇಜು ಮುಗೀತು," ಎಂದು ಮಫ್ತುನಾ ಪಿಸುಗುಟ್ಟಿದಳು.

"ಸುಮ್ನಿರೇ! ಮನೆಗೆ ಬಂದೋರ ಮುಂದೆ ಬರೀ ರೊಟ್ಟಿ ಇಡೋಕೆ ನಾನಿನ್ನೂ ಸತ್ತಿಲ್ಲ," ಎಂದು ಅಮ್ಮ ಗದರಿದಳು.

ಆಪಾ ಮಾಂಸದ ರಾಶಿ ನೋಡಿದರು, ಪೆನ್ನಿನ ಮುಚ್ಚಳ ತೆಗೆದರು. ಚಹಾ ಮುಗಿಸಿದ ಆಪಾ ಯಾಕೋ ಖಾಲಿ ಬಟ್ಟಲನ್ನು ಬೋರಲು ಹಾಕಿದರು. ಮದುವೆಗಳಿಗೆ ಪಾತ್ರೆ ಕಡ ಕೊಡುವ ಮಾರ್ಗಿಲಾನ ಪಟ್ಟಣದ ಹೆಂಗಸರೆಲ್ಲ ಬಟ್ಟಲಿನ ತಳಕ್ಕೆ ಉಗುರುಬಣ್ಣದಲ್ಲಿ ತಮ್ಮ ಗುರುತು ಹಾಕಿರುತ್ತಾರೆ. ಇದಕ್ಕೆ ಕೆಂಪು ಚುಕ್ಕಿಯಿತ್ತು. ಆಪಾ ಉಳಿದೆರಡನ್ನೂ ತಿರುಗಿಸಿದರು: ಅಮ್ಮನ ಮುಂದಿದ್ದ ಬಟ್ಟಲಿಗೆ ನೀಲಿ ಗೀಟು, ಮಫ್ತುನಾಳ ಮುಂದಿದ್ದಕ್ಕೆ ಬೆಳ್ಳಿ ಬಣ್ಣದ ಎಲೆ; ಮೂರೂ ಮೂರು ಮನೆಯವು. ಅಮ್ಮ ತಲೆ ತಗ್ಗಿಸಿದಳು.

"ಕೆಂಪು ಚುಕ್ಕಿದು ನಮ್ಮ ನಾದಿನಿದು. ತೊಳೆಯುವಾಗ ಹುಷಾರು ಕಣೇ, ಅಂಚು ಒಡೆದ್ರೆ ಬೀದಿರಂಪ ಮಾಡ್ತಾಳೆ," ಎಂದರು ಆಪಾ. "ಮಾಂಸಾನೂ ಕಡಾನಾ?"

ಅಮ್ಮ ಖಾಲಿ ಬಟ್ಟಲುಗಳನ್ನು ಒಟ್ಟುಮಾಡತೊಡಗಿದಳು. ಆಪಾ ಒಂದು ತುಂಡನ್ನೂ ಮುಟ್ಟದೆ ರಾಶಿಯನ್ನೆಲ್ಲ ಮಫ್ತುನಾಳ ಕಡೆಗೆ ಸರಿಸಿದರು.

"ತಿನ್ನೇ. ಕಾಲೇಜಿಗೆ ಹೋಗೋಳು ನೀನು."