ಮದರಂಗಿ ಕೂದಲು

ಕುಡುಗೋಲು ಎತ್ತಿದ ಗಾನಿಮಾಳ ಕೈ ಹಾಗೆಯೇ ನಿಂತಿತು. ಆಡುಗಳಿಗೆಂದು ಕಡಿಯಹೊರಟ ಕೊಂಬೆಯಲ್ಲಿ ಸೂರಕ್ಕಿಯ ಗೂಡೊಂದು ತೂಗುತ್ತಿತ್ತು.

"ಅಕ್ಕಾ, ಗೂಡು ನೋಡ್ತಾ ನಿಂತ್ರೆ ಆಡಿನ ಹೊಟ್ಟೆ ತುಂಬುತ್ತಾ? ಇಡೀ ಸೊಕೋತ್ರಾ ದ್ವೀಪದಲ್ಲಿ ಹಸಿರು ಅಂತ ಉಳಿದಿರೋದೇ ಇದೊಂದು ಗಿಡ. ಕಡಿ ಅತ್ಲಾಗೆ!" ಕೆಳಗಿನಿಂದ ನೆರೆಮನೆಯ ಸಾಲ್ಮೀನ್ ಕೂಗಿದ.

ಗೂಡಿನ ಬಾಯಲ್ಲಿ ಆಡಿನ ಕರಿ ರೋಮದ ನಡುವೆ ಉದ್ದನೆಯ ಕೆಂಪು ಎಳೆಗಳಿದ್ದವು. ಮದರಂಗಿ ಹಚ್ಚಿದ ಕೂದಲು. ಈ ಬೆಟ್ಟದಲ್ಲಿ ಅಷ್ಟು ಕೆಂಪಗೆ ಹಚ್ಚಿಕೊಳ್ಳುತ್ತಿದ್ದವಳು ಅವಳ ತಂಗಿ ಮುಜ್ನಾ ಒಬ್ಬಳೇ. ಅಕ್ಕತಂಗಿಯರು ಒಬ್ಬರಿಗೊಬ್ಬರು ತಲೆ ಬಾಚಿ, ಉದುರಿದ ಕೂದಲು ಮಾಟ ಮಾಡುವವರ ಕೈಗೆ ಸಿಗಬಾರದೆಂದು ಮನೆಯ ಕಲ್ಲುಗೋಡೆಯ ಸಂದಿಗೆ ತುರುಕುತ್ತಿದ್ದರು. ಮುಜ್ನಾಳನ್ನು ಮಣ್ಣು ಮಾಡಿದ ಮೇಲೆ ಗಾನಿಮಾ ಆ ಸಂದಿಯ ಕಡೆ ನೋಡಿರಲಿಲ್ಲ. ಈಗ ಗಾನಿಮಾಳ ತಲೆ ಬಾಚುವವರೂ ಇರಲಿಲ್ಲ. ಹಕ್ಕಿ ಮಾತ್ರ ಆ ಸಂದಿಯನ್ನು ಮರೆತಿರಲಿಲ್ಲ.

"ಯಾಕಕ್ಕಾ, ಹಾವು ಗೀವು ಇದೆಯಾ?"

"ಆಡು ಹೊಡಿಯೋ, ಆಚೆ ಕಣಿವೆಗೆ ಹೋಗೋಣ. ಇಲ್ಲಿ ನಮ್ಮೋರು ಮನೆ ಮಾಡ್ಕೊಂಡಿದಾರೆ."

ಗಾನಿಮಾ ಕುಡುಗೋಲನ್ನು ಸೊಂಟಕ್ಕೆ ಸಿಕ್ಕಿಸಿದಳು. ತಲೆವಸ್ತ್ರದೊಳಗೆ ಬೆರಳಾಡಿಸಿ, ಕೈಗೆ ಬಂದ ಬಿಳಿಕೂದಲನ್ನು ಹಕ್ಕಿಗೆ ಸಿಗಲೆಂದು, ಎಲ್ಲರಿಗೂ ಕಾಣುವಂತೆಯೇ ಗೂಡಿನ ಪಕ್ಕದ ಕಡ್ಡಿಗೆ ಸುತ್ತಿದಳು.